ಮಾಡಿದ್ದು ಯಾವುದರಿಂದ?

ಪ್ರೌಢಶಾಲೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಬಿಟ್ಟ ಸ್ಥಳಗಳನ್ನು ತುಂಬಿರಿ’ ಎಂಬ ಭಾಗವನ್ನು ಬಲ್ಲವರಿಗೆಲ್ಲ ಎರಡು ವಾಕ್ಯಗಳ ಪರಿಚಯವಿರುತ್ತದೆ. ಮೇಜು ಮರದಿಂದ ಮಾಡಿದ್ದು ಎಂಬುದೊಂದು. ಕಾಗದ ಮರದಿಂದ ಮಾಡಿದ್ದು ಎಂಬುದು ಮತ್ತೊಂದು. ಕನ್ನಡದಲ್ಲಿ ಹೇಳುವಾಗ ಎರಡು ಕಡೆಯೂ ‘ಮರದಿಂದ’ ಎಂದರೆ ಸಾಕು, ಯಾರಿಗೂ ತೊಡಕಿಲ್ಲ. ಇಂಗ್ಲಿಷಿಗೆ ಹೋದೊಡನೆ ಮೇಜಿಗೆ ‘ಮೇಡ್ ಆಫ್’ ಆಗಬೇಕು, ಕಾಗದಕ್ಕೆ ‘ಮೇಡ್ ಫ್ರಮ್’ ಆಗಬೇಕು. ತಪ್ಪಿದರೆ ಅಂಕ ಹೋಯಿತು. ಅರ್ಧ ಅಂಕದ ಈ ವಿಷಯಕ್ಕೆ ರೇಡಿಯೋದಲ್ಲಿ ಒಂದು ಭಾಷಣ ಬೇಕೆ ಎಂದು ಕೇಳುವವರು ಕೇಳಬಹುದು. ನನ್ನ ಉತ್ತರ ಇಷ್ಟೆ: ಒಂದು ವಸ್ತು ಯಾವುದರಿಂದ ಆಯಿತು ಎಂದು ಹೇಳುವ ಮಾತಿನಲ್ಲಿ, ಅದು ಈಗ ಏನಾಗಿದೆ, ಹಿಂದೆ ಏನಾಗಿತ್ತು, ಅದರೊಳಗೆ ಏನೇನು ಬೆರೆತಿದೆ, ಅದನ್ನು ಮಾಡಿದ ಕೈ ಯಾವುದು ಎಂಬ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಇವನ್ನು ಕಲಸಿಬಿಟ್ಟರೆ ನಮ್ಮ ಇಂಗ್ಲಿಷ್ ಕೆಡುತ್ತದೆ. ಅಂಥ ಇಂಗ್ಲಿಷನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದಾಗ ನಮ್ಮ ಕನ್ನಡವೂ ಕೆಡುತ್ತದೆ. ಎರಡನೆಯದೇ ನನಗೆ ಹೆಚ್ಚು ಚಿಂತೆಯ ವಿಷಯ.

ಶಾಲೆಯಲ್ಲಿ ಹೇಳಿಕೊಡುವ ಸೂತ್ರ ಸರಳವಾದದ್ದು. ಮೂಲದ್ರವ್ಯ ತನ್ನ ಗುಣವನ್ನು ಉಳಿಸಿಕೊಂಡು ಕಣ್ಣಿಗೆ ಕಾಣುತ್ತಿದ್ದರೆ ‘ಆಫ್’. ಅದು ಗುರುತು ಸಿಕ್ಕದಂತೆ ಮಾರ್ಪಟ್ಟಿದ್ದರೆ ‘ಫ್ರಮ್’. ಉಂಗುರ ಚಿನ್ನದ್ದು, ಚಿನ್ನ ಅಲ್ಲೇ ಹೊಳೆಯುತ್ತಿದೆ, ಆದ್ದರಿಂದ ‘ಆಫ್’. ದ್ರಾಕ್ಷಾರಸದ ಮದ್ಯದಲ್ಲಿ ದ್ರಾಕ್ಷಿಯ ಗೊಂಚಲನ್ನು ಯಾರೂ ಕಾಣಲಾರರು, ಆದ್ದರಿಂದ ‘ಫ್ರಮ್’. ಮೊದಲ ಹೆಜ್ಜೆ ಇಡುವವನಿಗೆ ಇದು ಒಳ್ಳೆಯ ಊರುಗೋಲು. ಮರಳು, ಗಾಜು, ಸೀಸೆ ಎಂಬ ಸರಣಿಯಲ್ಲಿ ಇದರ ಸೊಗಸನ್ನು ನೋಡಬಹುದು. ಗಾಜು ಮರಳಿನಿಂದ ಆದದ್ದು, ಅದು ‘ಫ್ರಮ್’. ಮರಳು ಬೆಂಕಿಯಲ್ಲಿ ಕರಗಿ ತನ್ನ ಮರಳುತನವನ್ನು ಬಿಟ್ಟುಕೊಟ್ಟಿತು. ಸೀಸೆ ಗಾಜಿನದು, ಅದು ‘ಆಫ್’. ಗಾಜು ಗಾಜಾಗಿಯೇ ಉಳಿಯಿತು. ಇನ್ನು ಆ ಖಾಲಿ ಸೀಸೆಯನ್ನೇ ಯಾರಾದರೂ ಕೊರೆದು, ಬತ್ತಿ ಇಳಿಸಿ, ದೀಪವನ್ನಾಗಿ ಮಾಡಿದರೆ ಆಗ ಇಂಗ್ಲಿಷಿನವರ ನಾಲಗೆಗೆ ಸಹಜವಾಗಿ ಬರುವುದು ‘ಮೇಡ್ ಔಟ್ ಆಫ್’. ಒಂದು ಕೆಲಸಕ್ಕಾಗಿ ಇದ್ದದ್ದನ್ನು ಇನ್ನೊಂದು ಕೆಲಸಕ್ಕೆ ಒಗ್ಗಿಸಿದ ಜಾಣತನದ ಸುಳಿವು ಆ ‘ಔಟ್’ನಲ್ಲಿದೆ.

ಆದರೆ ಊರುಗೋಲನ್ನೇ ಕಾಲು ಎಂದುಕೊಳ್ಳಬಾರದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಂಗಸರು ಹೊಲಿಯುವ ಕೌದಿಯನ್ನು ತೆಗೆದುಕೊಳ್ಳಿ. ಹಳೆಯ ಸೀರೆ, ಧೋತರಗಳ ಪದರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲುಸಾಲಾಗಿ ಹೊಲಿಗೆ ಹಾಕಿದ ಹೊದಿಕೆ ಅದು. ಸೀರೆಯ ಅಂಚು, ಬಣ್ಣ, ಹೂವು ಎಲ್ಲ ಕಣ್ಣೆದುರಿಗೇ ಇವೆ. ಬಟ್ಟೆ ತನ್ನ ಗುಣವನ್ನು ಎಳ್ಳಷ್ಟೂ ಬಿಟ್ಟಿಲ್ಲ. ಶಾಲೆಯ ಸೂತ್ರದಂತೆ ಇದು ‘ಮೇಡ್ ಆಫ್ ಓಲ್ಡ್ ಸ್ಯಾರೀಸ್’ ಆಗಬೇಕಷ್ಟೆ. ಇಂಗ್ಲಿಷ್ ಬಲ್ಲವನು ಹೆಚ್ಚಾಗಿ ಇಲ್ಲಿ ‘ಫ್ರಮ್’ ಅಥವಾ ‘ಔಟ್ ಆಫ್’ ಎನ್ನುತ್ತಾನೆ. ಕಾರಣವೇನೆಂದರೆ ಬಟ್ಟೆ ಮಾರ್ಪಡದಿದ್ದರೂ ಸೀರೆ ಮಾರ್ಪಟ್ಟಿದೆ. ಉಡುತ್ತಿದ್ದುದು ಈಗ ಹೊದೆಯುವುದಾಗಿದೆ. ಸೀರೆ ಎಂಬ ವಸ್ತು ಅಲ್ಲಿಗೆ ಮುಗಿಯಿತು. ಆದುದರಿಂದ ಕೌದಿ ಬಟ್ಟೆಯದು ಎನ್ನುವಾಗ ‘ಆಫ್’, ಹಳೆಯ ಸೀರೆಗಳಿಂದ ಆದದ್ದು ಎನ್ನುವಾಗ ‘ಫ್ರಮ್’. ಒಂದೇ ಕೌದಿ, ಎರಡೂ ಮಾತು ಸತ್ಯ.

ನನ್ನ ಅಭಿಪ್ರಾಯದಲ್ಲಿ ಇದರ ಒಳಗುಟ್ಟು ಇರುವುದು ಕಣ್ಣಿಗೆ ಕಾಣುವುದು, ಕಾಣದಿರುವುದು ಎಂಬುದರಲ್ಲಲ್ಲ. ‘ಆಫ್’ ಎಂಬುದು ವಸ್ತುವಿನ ಈಗಿನ ಇರವನ್ನು ಹೇಳುತ್ತದೆ. ‘ಫ್ರಮ್’ ಎಂಬುದು ಅದು ನಡೆದು ಬಂದ ದಾರಿಯನ್ನು ಹೇಳುತ್ತದೆ. ಮೈಮೇಲಿನ ಅಂಗಿ ಏನು ಬಟ್ಟೆಯದು ಎಂದು ಕೇಳಿದರೆ ಹತ್ತಿಯದು, ‘ಆಫ್ ಕಾಟನ್’. ಇದು ಈಜಿಪ್ಟಿನಲ್ಲಿ ಬೆಳೆದ ಹತ್ತಿಯಿಂದ ಆದ ಅಂಗಿ ಎಂದು ಅದರ ಹುಟ್ಟನ್ನು ಹೇಳಹೊರಟರೆ ‘ಫ್ರಮ್’. ಹತ್ತಿ ಎರಡು ಕಡೆಯೂ ಹತ್ತಿಯೇ. ಬದಲಾದದ್ದು ಮಾತಾಡುವವನ ದೃಷ್ಟಿ. ಆದ್ದರಿಂದಲೇ ಎಷ್ಟೋ ವಾಕ್ಯಗಳಲ್ಲಿ ಎರಡೂ ಸಲ್ಲುತ್ತವೆ, ಒಳ್ಳೆಯ ಲೇಖಕರು ಎರಡನ್ನೂ ಬಳಸುತ್ತಾರೆ. ಹಾಗಿರುವಾಗ ಹಳ್ಳಿಯ ಶಾಲೆಯ ಹುಡುಗಿಯೊಬ್ಬಳು ರೊಟ್ಟಿ ಜೋಳದ ಹಿಟ್ಟಿನಿಂದ ಆದದ್ದು ಎಂದು ಬರೆಯುವಾಗ ‘ಆಫ್’ ಹಾಕಿದಳೆಂದು ಕೆಂಪು ಶಾಯಿಯ ಗೆರೆ ಎಳೆಯುವುದು ಅನ್ಯಾಯ. ಆ ಗೆರೆ ಅವಳಿಗೆ ವ್ಯಾಕರಣವನ್ನು ಕಲಿಸುವುದಿಲ್ಲ, ಇಂಗ್ಲಿಷಿನ ಭಯವನ್ನು ಕಲಿಸುತ್ತದೆ. ತಪ್ಪು ಎಂದು ಖಂಡಿತವಾಗಿ ಹೇಳಬಹುದಾದದ್ದು ‘ಈ ಉಂಗುರ ಮೇಡ್ ಬೈ ಗೋಲ್ಡ್’ ಎಂಬಂಥ ಮಾತು. ಅಲ್ಲಿ ಚಿನ್ನವೇ ಅಕ್ಕಸಾಲಿಗನಾಗಿ ಕುಳಿತು ಉಂಗುರ ಬಡಿದಂತಾಗುತ್ತದೆ.

ಈ ‘ಬೈ’ ನಮ್ಮವರ ಇಂಗ್ಲಿಷಿನಲ್ಲಿ ಏಕೆ ಇಷ್ಟು ಸಲೀಸಾಗಿ ನುಸುಳುತ್ತದೆ? ಅದಕ್ಕೆ ಕಾರಣ ನಮ್ಮ ‘ಇಂದ’. ಚನ್ನಪಟ್ಟಣದ ಗೊಂಬೆಯನ್ನು ವರ್ಣಿಸಿ ಒಂದು ವಾಕ್ಯ ಬರೆಯೋಣ: ಹಾಲೆಮರದಿಂದ ಮಾಡಿ, ಅರಗಿನಿಂದ ಬಣ್ಣ ಕೊಟ್ಟು, ನುರಿತ ಕುಶಲಿಗಳಿಂದ ತಯಾರಾಗಿ, ಚನ್ನಪಟ್ಟಣದಿಂದ ಬರುವ ಗೊಂಬೆ. ಇದರಲ್ಲಿ ನಾಲ್ಕು ‘ಇಂದ’ಗಳಿವೆ, ನಾಲ್ಕೂ ಬೇರೆ. ಇಂಗ್ಲಿಷಿನಲ್ಲಿ ಮರಕ್ಕೆ ‘ಆಫ್’, ಅರಗಿಗೆ ‘ವಿತ್’, ಕುಶಲಿಗಳಿಗೆ ‘ಬೈ’, ಊರಿಗೆ ‘ಫ್ರಮ್’. ಕನ್ನಡದ ಕಿವಿಗೆ ಈ ನಾಲ್ಕರ ಗೊಂದಲವೇ ಇಲ್ಲ. ಮರ ಯಾವುದು, ಮನುಷ್ಯ ಯಾರು ಎಂದು ನಾಮಪದಗಳೇ ಹೇಳಿಬಿಡುತ್ತವೆ. ಸಂಸ್ಕೃತದ ಮಾದರಿಯನ್ನು ಹಿಡಿದ ನಮ್ಮ ವ್ಯಾಕರಣಗಳು ತೃತೀಯೆಗೆ ‘ಇಂದ’ವನ್ನು ಕೊಟ್ಟು, ಪಂಚಮಿಗೆ ಏನಾದರೂ ಬೇಕಲ್ಲ ಎಂದು ‘ದೆಸೆಯಿಂದ’ ಎಂಬುದನ್ನು ಕೊಟ್ಟವು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಆ ಸ್ಥಾನದಲ್ಲಿ ‘ಅತ್ತಣಿಂ’ ಕುಳಿತಿದೆ; ಅದರೊಳಗೂ ಅದೇ ‘ಇಂ’. ಮರದ ದೆಸೆಯಿಂದ ಎಲೆ ಬಿತ್ತು ಎಂದು ಪಾಠದ ಪುಸ್ತಕದ ಹೊರಗೆ ಯಾವ ಕನ್ನಡಿಗನೂ ಹೇಳಿದ್ದನ್ನು ನಾನು ಕೇಳಿಲ್ಲ.

ಸಂಸ್ಕೃತದ ಹೆಸರೆತ್ತಿದ ಮೇಲೆ ಅದರ ವ್ಯಾಕರಣಕಾರರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮರಾಗಿದ್ದರೆಂಬುದನ್ನೂ ಹೇಳಬೇಕು. ಹುಟ್ಟುವ ವಸ್ತುವಿಗೆ ಯಾವುದು ಪ್ರಕೃತಿಯೋ, ಎಂದರೆ ಮೂಲವೋ, ಅದು ಅಪಾದಾನವೆಂದು ಪಾಣಿನಿ ವಿಧಿಸುತ್ತಾನೆ. ಅದಕ್ಕೆ ಪಂಚಮೀ ವಿಭಕ್ತಿ. ಕೊಂಬಿನಿಂದ ಬಾಣ, ಸಗಣಿಯಿಂದ ಚೇಳು ಎಂಬವು ವೃತ್ತಿಕಾರರು ಕೊಡುವ ಉದಾಹರಣೆಗಳು. ಸಗಣಿಯಿಂದ ಚೇಳು ಹುಟ್ಟುವ ಪ್ರಾಣಿಶಾಸ್ತ್ರ ಹಾಗಿರಲಿ, ಇದು ಇಂಗ್ಲಿಷಿನ ‘ಫ್ರಮ್’ ಇರುವ ನೆಲೆ. ಇದಲ್ಲದೆ ವಿಕಾರಾರ್ಥದಲ್ಲಿ ‘ಮಯ’ ಎಂಬ ಪ್ರತ್ಯಯವನ್ನು ಹೇಳುತ್ತಾನೆ. ಮೃಣ್ಮಯ, ದಾರುಮಯ ಮುಂತಾದವು ಹಾಗೆ ಆದ ಶಬ್ದಗಳು. ಇವು ‘ಮೇಡ್ ಆಫ್’ನ ಸಮೀಪದ ಬಂಧುಗಳು. ಆ ಸೂತ್ರದಲ್ಲಿ ಪಾಣಿನಿ ಇನ್ನೊಂದು ಮಾತು ಸೇರಿಸುತ್ತಾನೆ: ತಿನ್ನುವ ವಸ್ತುವಿಗೂ ಹೊದೆಯುವ ವಸ್ತುವಿಗೂ ಈ ಪ್ರತ್ಯಯ ಬೇಡ. ಆದ್ದರಿಂದ ಹೆಸರುಬೇಳೆಯ ಸಾರಿಗಾಗಲಿ, ಹತ್ತಿಯ ಬಟ್ಟೆಗಾಗಲಿ ಆ ಅರ್ಥದಲ್ಲಿ ‘ಮಯ’ ಸಲ್ಲದು. ಮಡಕೆಯಲ್ಲಿ ಮಣ್ಣು ಇರುವ ರೀತಿಯೇ ಬೇರೆ, ಸಾರಿನಲ್ಲಿ ಬೇಳೆ ಇರುವ ರೀತಿಯೇ ಬೇರೆ ಎಂಬ ಭಾವನೆ ಆ ಕಾಲದ ಮಾತಿನಲ್ಲೂ ಇದ್ದಿರಬೇಕು.

ವೇದಾಂತಿಗಳಿಗೂ ಇದೇ ಪ್ರಶ್ನೆ ಎದುರಾಗಿತ್ತು. ಒಂದು ಮಣ್ಣಿನ ಮುದ್ದೆಯನ್ನು ಅರಿತರೆ ಮಣ್ಣಿನ ವಸ್ತುಗಳನ್ನೆಲ್ಲ ಅರಿತಂತೆ ಎಂದು ಛಾಂದೋಗ್ಯದಲ್ಲಿ ಉದ್ದಾಲಕ ಮಗನಿಗೆ ಹೇಳುವಾಗ ಅಲ್ಲಿರುವುದು ‘ಆಫ್’ನ ಸಂಬಂಧ. ಹಾಲು ಮೊಸರಾಗುವ ಇನ್ನೊಂದು ಹಳೆಯ ದೃಷ್ಟಾಂತದಲ್ಲಿ ಇರುವುದು ‘ಫ್ರಮ್’ನ ಸಂಬಂಧ, ಮೊಸರು ಮತ್ತೆ ಹಾಲಾಗಲಾರದು. ದರ್ಶನಗಳ ಜಗಳವನ್ನು ಇಂಗ್ಲಿಷಿನ ಎರಡು ಪುಟ್ಟ ಪದಗಳಿಗೆ ಇಳಿಸುವುದು ಅತಿಯಾದೀತು, ಇಲ್ಲಿಗೆ ಬಿಡುತ್ತೇನೆ.

ಆದರೆ ಒಂದು ಬಂಧುತ್ವವನ್ನು ಹೇಳದೆ ಬಿಡಲಾರೆ. ‘ಆಫ್’ ಎಂಬ ಈ ಪದ ಇಂಗ್ಲಿಷಿನಲ್ಲಿ ಮೊದಲು ಸೂಚಿಸುತ್ತಿದ್ದುದು ‘ಅದರಿಂದ ಆಚೆಗೆ’ ಎಂಬ ಅರ್ಥವನ್ನೇ. ಒಂದು ಎಫ್ ಅಕ್ಷರದ ‘ಆಫ್’ ಮತ್ತು ಎರಡು ಎಫ್ ಅಕ್ಷರಗಳ ‘ಆಫ್’ ಮೂಲದಲ್ಲಿ ಒಂದೇ ಪದ. ಒತ್ತಿ ಹೇಳಿದಾಗ ಒಂದು, ತೇಲಿಸಿ ಹೇಳಿದಾಗ ಇನ್ನೊಂದು. ಹದಿನೇಳನೆಯ ಶತಮಾನದ ಹೊತ್ತಿಗೆ ಅವು ಬೇರೆ ಸಂಸಾರ ಹೂಡಿದವು. ಲ್ಯಾಟಿನ್ನಿನ ‘ಅಬ್’, ಗ್ರೀಕಿನ ‘ಅಪೊ’, ಸಂಸ್ಕೃತದ ‘ಅಪ’ ಇವೆಲ್ಲ ಅದೇ ಬಳಗ. ಎಂದಮೇಲೆ ‘ಅಪಾದಾನ’ ಎಂಬ ನಮ್ಮ ವ್ಯಾಕರಣದ ಪಾರಿಭಾಷಿಕ ಪದದ ತಲೆಯಲ್ಲಿರುವ ‘ಅಪ’ಕ್ಕೂ, ಪ್ರಶ್ನೆಪತ್ರಿಕೆಯ ಬಿಟ್ಟ ಸ್ಥಳದಲ್ಲಿ ತುಂಬುವ ‘ಆಫ್’ಗೂ ರಕ್ತಸಂಬಂಧವಿದೆ. ಮೇಜು ‘ಆಫ್ ವುಡ್’ ಎಂದಾಗಲೂ ಒಂದು ಕಾಲಕ್ಕೆ ಅದು ಮರದಿಂದ ಹೊರಬಂದದ್ದು ಎಂದೇ ಅರ್ಥವಿತ್ತು. ಜರ್ಮನರು ಇಂದಿಗೂ ಮೇಜಿಗೂ ಮದ್ಯಕ್ಕೂ ‘ಔಸ್’ ಎಂಬ ಒಂದೇ ಪದದಲ್ಲಿ ಸುಧಾರಿಸುತ್ತಾರೆ. ‘ಇಂದ’ ಒಂದೇ ಇದೆಯೆಂದು ಕನ್ನಡಿಗ ನಾಚಬೇಕಾಗಿಲ್ಲ.

ಅಂದಹಾಗೆ, ಇಂಗ್ಲಿಷಿನಲ್ಲಿ ಈ ಪ್ರಿಪೊಸಿಷನ್ನುಗಳ ಗೊಡವೆಯೇ ಇಲ್ಲದೆ ದ್ರವ್ಯವನ್ನು ಹೇಳುವ ದಾರಿಯೂ ಇತ್ತು. ವುಡ್ ಎಂಬುದಕ್ಕೆ ‘ಅನ್’ ಸೇರಿಸಿ ವುಡನ್, ವೂಲಿಗೆ ವೂಲನ್, ಮಣ್ಣಿನದಕ್ಕೆ ಅರ್ಥನ್. ಹಿಂದೆ ಕಲ್ಲಿಗೂ ಇಂಥ ರೂಪವಿತ್ತು, ಅದು ಸತ್ತುಹೋಯಿತು. ಗೋಲ್ಡನ್ ಎಂಬುದು ಚಿನ್ನದ ಅಂಗಡಿಯನ್ನು ಬಿಟ್ಟು ಕಾವ್ಯದ ಕಡೆಗೆ ನಡೆಯಿತು. ಈಗ ಬಳೆ ‘ಗೋಲ್ಡ್’, ಸಂಜೆಯ ಬೆಳಕು ‘ಗೋಲ್ಡನ್’. ಕನ್ನಡದ ಷಷ್ಠಿ ಮಾತ್ರ ಎಲ್ಲಿಗೂ ಹೋಗದೆ ಎಲ್ಲ ಕೆಲಸವನ್ನೂ ಮಾಡಿಕೊಂಡಿದೆ: ಮರದ ಕುರ್ಚಿ, ಮಣ್ಣಿನ ಹಣತೆ, ಚಿನ್ನದ ಬಳೆ, ಚಿನ್ನದ ಗುಣ.

ಆದರೆ ಈ ಷಷ್ಠಿಯ ಧಾರಾಳತನದಲ್ಲಿ ಒಂದು ಅಪಾಯವೂ ಇದೆ. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯ ಸೋಪನ್ನು ನಾವು ‘ಗಂಧದ ಸೋಪು’ ಎನ್ನುತ್ತೇವೆ. ಮರದ ಕುರ್ಚಿಯಲ್ಲಿ ಮರ ಇರುವಂತೆ ಆ ಸೋಪಿನಲ್ಲಿ ಗಂಧದ ಮರ ಇಲ್ಲ. ಇರುವುದು ಗಂಧದ ಎಣ್ಣೆ. ಇದನ್ನು ಇಂಗ್ಲಿಷಿನಲ್ಲಿ ‘ಮೇಡ್ ಆಫ್ ಸ್ಯಾಂಡಲ್‌ವುಡ್’ ಎಂದರೆ ಕೇಳಿದವರು ಕಟ್ಟಿಗೆಯ ತುಂಡನ್ನು ನೆನೆಯುತ್ತಾರೆ. ಹಲವು ಪದಾರ್ಥಗಳು ಸೇರಿರುವಲ್ಲಿ, ಅವುಗಳಲ್ಲಿ ಒಂದನ್ನು ಎತ್ತಿ ತೋರಿಸುವಾಗ ಸಲ್ಲುವುದು ‘ಮೇಡ್ ವಿತ್’. ಪಾಯಸ ಬೆಲ್ಲ ಹಾಕಿ ಮಾಡಿದ್ದು, ತಿಂಡಿ ತುಪ್ಪದಲ್ಲಿ ಮಾಡಿದ್ದು ಎಂದು ನಾವು ಹೇಳುವ ಜಾಗ ಅದು. ಇದು ಬರಿಯ ಸೊಗಸಿನ ಮಾತಲ್ಲ, ವ್ಯಾಪಾರದ ಮಾತು. ಅಮೆರಿಕದ ಕೃಷಿ ಇಲಾಖೆಯ ನಿಯಮದಂತೆ ಆಹಾರದ ಪೊಟ್ಟಣದ ಮೇಲೆ ಸಾವಯವ ಎಂದು ನೇರವಾಗಿ ಬರೆಯಬೇಕಾದರೆ ಕನಿಷ್ಠ 95 ಪಾಲು ಸಾವಯವ ಪದಾರ್ಥಗಳಿರಬೇಕು. ಸಾವಯವ ಪದಾರ್ಥಗಳನ್ನು ಹಾಕಿ ಮಾಡಿದ್ದು, ‘ಮೇಡ್ ವಿತ್’, ಎಂದು ಬರೆಯುವುದಾದರೆ 70 ಪಾಲು ಇದ್ದರೆ ಸಾಕು. ಅದೇ ದೇಶದಲ್ಲಿ ಸಾಕುಪ್ರಾಣಿಗಳ ಆಹಾರದ ಹೆಸರಿಗೆ ಇನ್ನೊಂದು ಕಟ್ಟಳೆ ಇದೆ. ಡಬ್ಬಿಯ ಮೇಲೆ ‘ಟ್ಯೂನಾ ಕ್ಯಾಟ್ ಫುಡ್’ ಎಂದಿದ್ದರೆ ನೀರನ್ನು ಬಿಟ್ಟು ಲೆಕ್ಕ ಹಾಕಿದಾಗ 95 ಪಾಲು ಆ ಮೀನು ಇರಬೇಕು. ‘ಕ್ಯಾಟ್ ಫುಡ್ ವಿತ್ ಟ್ಯೂನಾ’ ಎಂದಿದ್ದರೆ 3 ಪಾಲಿದ್ದರೂ ಆಯಿತು. ಒಂದು ‘ವಿತ್’ ಬಂದು ಕೂತದ್ದರಿಂದ ಬೆಕ್ಕಿನ ಪಾಲಿನ ಮೀನು ಎಷ್ಟು ಕರಗಿತು ನೋಡಿ. ಬೆಕ್ಕಿಗೆ ಓದು ಬಾರದು. ನಮಗೆ ಬರುತ್ತದೆ, ಓದುವುದಿಲ್ಲ.

‘ಮೇಡ್ ಇನ್’ ಎಂಬುದರ ಕಥೆಯೂ ವ್ಯಾಪಾರದ್ದೇ. 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸರಕುಗಳ ಗುರುತಿನ ಬಗ್ಗೆ ಒಂದು ಕಾಯಿದೆ ಮಾಡಿತು. ಜರ್ಮನಿಯ ಅಗ್ಗದ ಸಾಮಾನುಗಳು ಇಂಗ್ಲಿಷ್ ವೇಷ ಹಾಕಿಕೊಂಡು ಮಾರಾಟವಾಗದಿರಲಿ, ಮೈಮೇಲೆ ‘ಮೇಡ್ ಇನ್ ಜರ್ಮನಿ’ ಎಂಬ ಮುದ್ರೆಯಿದ್ದರೆ ಜನ ಮುಟ್ಟುವುದಿಲ್ಲ ಎಂಬ ಎಣಿಕೆ ಅದರ ಹಿಂದಿತ್ತು. ಆದದ್ದು ತಿರುಗುಮುರುಗು. ಹತ್ತು ವರ್ಷ ತುಂಬುವ ಮುನ್ನವೇ, 1896ರಲ್ಲಿ, ಅದೇ ಮೂರು ಪದಗಳನ್ನು ಹೆಸರಾಗಿಟ್ಟುಕೊಂಡು ಇ. ಇ. ವಿಲಿಯಮ್ಸ್ ಎಂಬಾತ ಜರ್ಮನ್ ಪೈಪೋಟಿಯ ಭೀತಿಯನ್ನು ಬಣ್ಣಿಸುವ ಪುಸ್ತಕ ಬರೆದ. ಕಳಂಕವೆಂದು ಹಚ್ಚಿದ್ದು ತಿಲಕವಾಯಿತು. ನಮ್ಮಲ್ಲಿ 2014ರ ಸೆಪ್ಟೆಂಬರ್ 25ರಂದು ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯ ಹೆಸರು ‘ಮೇಕ್ ಇನ್ ಇಂಡಿಯಾ’, ‘ಮೇಡ್’ ಅಲ್ಲ. ಭೂತಕೃದಂತ ಹೋಗಿ ವಿಧ್ಯರ್ಥ ಬಂತು: ಆದದ್ದರ ಮೇಲಿನ ಮುದ್ರೆಯಲ್ಲ, ಬಂದು ಮಾಡಿರಿ ಎಂಬ ಕರೆ. ನಮ್ಮ ಪತ್ರಿಕೆಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬರೆಯುವುದುಂಟು. ಒಂದು ಅಕ್ಷರದಲ್ಲಿ ಕಾಲವೂ ಅರ್ಥವೂ ಬೇರೆಯಾಗಿರುವುದನ್ನು ಗಮನಿಸಬೇಕು.

ಇನ್ನು ಕೆಲವನ್ನು ಬೇಗ ಮುಗಿಸುತ್ತೇನೆ. ಬಿಡಿ ಭಾಗಗಳು ಸೇರಿ ಒಂದು ಇಡಿಯಾದಾಗ ‘ಮೇಡ್ ಅಪ್ ಆಫ್’: 2021ರಲ್ಲಿ ವಿಜಯನಗರವೂ ಸೇರಿದ ಮೇಲೆ ಕರ್ನಾಟಕ 31 ಜಿಲ್ಲೆಗಳಿಂದ ಕೂಡಿದೆ ಎನ್ನುವಲ್ಲಿ ಬರುವಂಥದು. ಅದೇ ಅರ್ಥದ ‘ಕನ್ಸಿಸ್ಟ್ಸ್ ಆಫ್’ ಎಂಬುದನ್ನು ‘ಈಸ್ ಕನ್ಸಿಸ್ಟಿಂಗ್ ಆಫ್’ ಎಂದು ಎಳೆಯುವುದು ನಮ್ಮ ಕಛೇರಿಯ ಪತ್ರಗಳ ಹಳೆಯ ರೋಗ. ‘ಆಫ್’ ಇಲ್ಲದ ‘ಮೇಡ್ ಅಪ್’ ಬಂದರೆ ಜೋಕೆ, ಅದು ಕಟ್ಟುಕಥೆ. ‘ವಾಟ್ ಡು ಯು ಮೇಕ್ ಆಫ್ ಇಟ್’ ಎಂದು ಯಾರಾದರೂ ಕೇಳಿದರೆ ನೀವು ಏನನ್ನೂ ತಯಾರಿಸಬೇಕಾಗಿಲ್ಲ. ಇದರಿಂದ ನಿಮಗೇನು ತೋರುತ್ತದೆ ಎಂದು ಕೇಳುತ್ತಿದ್ದಾರೆ, ಅಷ್ಟೆ.

ಈಗ ಮೊದಲು ಹೇಳಿದ ಚಿಂತೆಗೆ ಬರುತ್ತೇನೆ. ಇಂಗ್ಲಿಷಿನ ‘ಮೇಡ್ ಆಫ್’ ಅನುವಾದದ ಮೂಲಕ ಕನ್ನಡಕ್ಕೆ ಬರುವಾಗ ತಪ್ಪದೆ ಕೈಹಿಡಿದು ಕರೆತರುವ ಒಬ್ಬ ಸಂಗಾತಿಯಿದ್ದಾನೆ. ಅವನ ಹೆಸರು ‘ಮಾಡಲ್ಪಟ್ಟ’. ಮರದಿಂದ ಮಾಡಲ್ಪಟ್ಟ ಮೇಜು, ಕಲ್ಲಿನಿಂದ ನಿರ್ಮಿಸಲ್ಪಟ್ಟ ದೇವಾಲಯ, ಹಾಲಿನಿಂದ ತಯಾರಿಸಲ್ಪಟ್ಟ ಸಿಹಿತಿಂಡಿ. ಪಠ್ಯಪುಸ್ತಕಗಳಲ್ಲಿ, ಪ್ರವಾಸಿ ತಾಣಗಳ ಫಲಕಗಳಲ್ಲಿ, ಈಚೆಗೆ ಯಂತ್ರಗಳು ಮಾಡಿಕೊಡುವ ಅನುವಾದಗಳಲ್ಲಿ ಇವನದೇ ದರ್ಬಾರು. ‘ಪಡು’ ಸೇರಿದ ಕರ್ಮಣಿ ಪ್ರಯೋಗ ಹಳಗನ್ನಡದಲ್ಲಿ ಇಲ್ಲದ್ದೇನಲ್ಲ. ಆದರೆ ಇಲ್ಲಿ ಅದರ ಅಗತ್ಯವಾದರೂ ಏನು? ಕನ್ನಡದ ಕೃದಂತ ಬಹು ಸಮರ್ಥವಾದದ್ದು. ಗೊಂಬೆ ಮಾಡಿದ ಹುಡುಗ ಎನ್ನಿ, ಹುಡುಗ ಮಾಡಿದ ಗೊಂಬೆ ಎನ್ನಿ, ಅದೇ ‘ಮಾಡಿದ’ ಕರ್ತೃವಿಗೂ ಕರ್ಮಕ್ಕೂ ಹೊಂದಿಕೊಳ್ಳುತ್ತದೆ. ಇಂಗ್ಲಿಷಿನ ‘ಮೇಡ್ ಬೈ’ಗೆ ನಮ್ಮಲ್ಲಿ ವಿಭಕ್ತಿಯೇ ಬೇಡ, ಮಾಡಿದವನನ್ನು ಪ್ರಥಮೆಯಲ್ಲಿ ಮುಂದೆ ನಿಲ್ಲಿಸಿದರೆ ಸಾಕು. ಶಿಲ್ಪಿಯಿಂದ ಕೆತ್ತಲ್ಪಟ್ಟ ಎಂಬಲ್ಲಿ ಶಿಲ್ಪಿ ಮರೆಗೆ ಸರಿಯುತ್ತಾನೆ, ಶಿಲ್ಪಿ ಕೆತ್ತಿದ ಎಂಬಲ್ಲಿ ಉಳಿ ಹಿಡಿದು ನಿಲ್ಲುತ್ತಾನೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ‘ಮೇಡ್’ ಎಂಬುದನ್ನು ಎಲ್ಲ ಕಡೆಯೂ ‘ಮಾಡಿದ’ ಎಂದು ತರುತ್ತ ಹೋದರೆ ನಮ್ಮ ಕಸುಬುಗಳ ಕ್ರಿಯಾಪದಗಳೆಲ್ಲ ಮೂಲೆ ಸೇರುತ್ತವೆ. ಬುಟ್ಟಿಯನ್ನು ಕನ್ನಡಿಗ ಮಾಡುವುದಿಲ್ಲ, ಬಿದಿರಿನಲ್ಲಿ ಹೆಣೆಯುತ್ತಾನೆ. ಸೀರೆಯನ್ನು ರೇಷ್ಮೆಯಲ್ಲಿ ನೇಯುತ್ತಾರೆ, ಬತ್ತಿಯನ್ನು ಹತ್ತಿಯಲ್ಲಿ ಹೊಸೆಯುತ್ತಾರೆ, ವಿಗ್ರಹವನ್ನು ಕಲ್ಲಿನಲ್ಲಿ ಕಡೆಯುತ್ತಾರೆ, ಗಂಟೆಯನ್ನು ಕಂಚಿನಲ್ಲಿ ಎರಕ ಹೊಯ್ಯುತ್ತಾರೆ, ಗಣಪತಿಯನ್ನು ಮಣ್ಣಿನಲ್ಲಿ ತಿದ್ದುತ್ತಾರೆ. ಇಲ್ಲೆಲ್ಲ ಬಂದಿರುವ ವಿಭಕ್ತಿಯನ್ನು ನೋಡಿ: ‘ಇಂದ’ ಅಲ್ಲ, ‘ಅಲ್ಲಿ’, ತೃತೀಯೆಯಲ್ಲ, ಸಪ್ತಮಿ. ದ್ರವ್ಯ ಉಳಿದು ಅದರೊಳಗೆ ರೂಪ ಮೂಡುವಾಗ ಕನ್ನಡದ ಮನಸ್ಸು ಸಪ್ತಮಿಯ ಕಡೆಗೆ ಒಲಿಯುತ್ತದೆ. ದ್ರವ್ಯ ಕಳೆದು ಬೇರೊಂದು ಹುಟ್ಟುವಾಗ ಇನ್ನೊಂದು ದಾರಿ ಹಿಡಿಯುತ್ತದೆ: ಹಾಲು ಮೊಸರಾಯಿತು, ಕಬ್ಬಿನ ಹಾಲು ಬೆಲ್ಲವಾಯಿತು ಎಂದು ಮೂಲವನ್ನೇ ಕರ್ತೃವಾಗಿಸುತ್ತದೆ, ಇಲ್ಲವೆ ‘ತೆಗೆ’ ಎಂಬ ಧಾತುವನ್ನು ಕರೆಯುತ್ತದೆ. ಒಂದೇ ಎಳ್ಳನ್ನು ನೋಡಿ. ಎಳ್ಳಿನಲ್ಲಿ ಮಾಡಿದ ಚಿಗಳಿ, ಎಳ್ಳಿನಿಂದ ತೆಗೆದ ಎಣ್ಣೆ. ಇಂಗ್ಲಿಷಿನ ‘ಆಫ್’ ಮತ್ತು ‘ಫ್ರಮ್’ಗಳ ಭೇದ ನಮ್ಮ ಅಡಿಗೆಮನೆಯಲ್ಲೂ ಗಾಣದಲ್ಲೂ ಮೊದಲಿನಿಂದ ಇದ್ದದ್ದೇ. ಇದು ಕಟ್ಟುನಿಟ್ಟಾದ ನಿಯಮವೆಂದು ನಾನು ಹೇಳುತ್ತಿಲ್ಲ. ಹಾಲಿನಲ್ಲಿ ಮಾಡಿದ ಪೇಡ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಒಲವು ಎಂದಷ್ಟೇ ಹೇಳುತ್ತೇನೆ. ಆದರೆ ಶಾಲೆಯಲ್ಲಿ ‘ಆಫ್’ ಎಂದರೇನೆಂದು ಕಲಿಸುವ ಮೇಷ್ಟರು ಮೇಜು, ಕಾಗದಗಳ ಬದಲು ಚಿಗಳಿಯನ್ನೂ ಎಣ್ಣೆಯನ್ನೂ ಮುಂದಿಟ್ಟರೆ ಮಕ್ಕಳಿಗೆ ಒಂದೇ ಸಲಕ್ಕೆ ಎರಡು ಭಾಷೆಯೂ ತಿಳಿಯುತ್ತದೆ.

ಅನುವಾದಕನಿಗೆ ಮಾತ್ರ ಕೆಲವೊಮ್ಮೆ ಯಾವ ಸೂತ್ರವೂ ಒದಗುವುದಿಲ್ಲ. ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ನಾಲ್ಕನೆಯ ಅಂಕದಲ್ಲಿ ಪ್ರಾಸ್ಪೆರೊ, ಮನುಷ್ಯರನ್ನು ಕನಸುಗಳ ದ್ರವ್ಯಕ್ಕೆ ಹೋಲಿಸುವ ಮಾತು ಜಗತ್ತಿಗೇ ಪ್ರಸಿದ್ಧ. ಅಲ್ಲಿ ಕವಿ ಬಳಸಿರುವುದು ‘ಮೇಡ್ ಆಫ್’ ಅಲ್ಲ, ‘ಮೇಡ್ ಆನ್’. 1623ರಲ್ಲಿ ಅಚ್ಚಾದ ಮೊದಲ ಸಂಪುಟದಲ್ಲಿ ಹಾಗೆಯೇ ಇದೆ. ಉದ್ಧರಿಸುವವರಲ್ಲಿ ಹೆಚ್ಚಿನವರು ಅದನ್ನು ತಮಗರಿವಿಲ್ಲದೆ ‘ಆಫ್’ ಎಂದು ತಿದ್ದಿಬಿಡುತ್ತಾರೆ. 1941ರ ‘ಮಾಲ್ಟೀಸ್ ಫಾಲ್ಕನ್’ ಚಿತ್ರದ ಕೊನೆಯಲ್ಲಿ ಹಂಫ್ರಿ ಬೋಗಾರ್ಟ್ ಆಡುವ ಮಾತಿನಲ್ಲೂ ಇರುವುದು ತಿದ್ದಿದ ರೂಪವೇ. ಆ ‘ಆನ್’ ಎಂಬುದನ್ನು ಹಿಡಿದು, ಕನಸುಗಳು ಮನುಷ್ಯನ ಮೇಲೆ ನೆಲೆ ನಿಂತಿವೆ, ಮನುಷ್ಯನೇ ಅವಕ್ಕೆ ತಳಹದಿ ಎಂದೆಲ್ಲ ತತ್ತ್ವ ಕಟ್ಟುವ ಆಸೆ ಯಾರಿಗಾದರೂ ಆಗುವುದು ಸಹಜ. ಆದರೆ ಆ ಕಾಲದ ಲಂಡನ್ನಿನ ಬಾಯಿಮಾತಿನಲ್ಲಿ ‘ಆನ್’ ಮತ್ತು ‘ಆಫ್’ ಎರಡೂ ಸವೆದು ಬರಿಯ ‘ಒ’ ಆಗಿದ್ದವು. ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದು ಸಾಮಾನ್ಯವಾಗಿತ್ತು. ತತ್ತ್ವಕ್ಕೆ ಅಲ್ಲಿ ಎಡೆಯಿಲ್ಲ. ನನ್ನನ್ನು ಕೇಳಿದರೆ ಆ ಜಾಗದಲ್ಲಿ ಕನ್ನಡದ ಅನುವಾದಕ ‘ಮಾಡಿದ’, ‘ಮಾಡಲ್ಪಟ್ಟ’ ಎರಡನ್ನೂ ಬಿಟ್ಟು, ‘ನೇಯ್ದ’ ಎನ್ನಬಹುದು. ‘ಸ್ಟಫ್’ ಎಂಬ ಮೂಲಶಬ್ದಕ್ಕೆ ಆ ದಿನಗಳಲ್ಲಿ ಬಟ್ಟೆ ಎಂಬ ಅರ್ಥವೂ ಇತ್ತು.